ಎರಡು ಪಟ್ಟಿಗಳಲ್ಲಿಯೂ ಇರುವವರೆಷ್ಟು?

ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಭಾಗದಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಎಂಬ ಎರಡು ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿವೆ. ಸಹ್ಯಾದ್ರಿಯನ್ನು ದಾಟಿ ಬರುವ ಮುಂಗಾರಿನ ಮೋಡಗಳು ಇಲ್ಲಿಗೆ ತಲಪುವ ವೇಳೆಗೆ ಬಹುಮಟ್ಟಿಗೆ ಬರಿದಾಗಿರುತ್ತವೆ. ಆದುದರಿಂದ ನಮ್ಮ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ನೆಲಗಳಲ್ಲಿ ಇದೂ ಒಂದು. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಅರಿಯದವರು ವಿರಳ. ಅದೇ ತಾಲ್ಲೂಕಿನ ಬ್ರಹ್ಮಗಿರಿಯ ಬಳಿ ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಶಾಸನಗಳನ್ನು ಬೆಳಕಿಗೆ ತಂದ ಸಂಗತಿಯೂ ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದಿರುವುದೇ. ಆದರೆ ಹಳ್ಳಿಗಳಿಗೆ ಹೋಗಿ ನೋಡಿದರೆ, ಒಣಭೂಮಿಯ ಶೇಂಗಾ ಮತ್ತು ಕಾವಲುಗಳಲ್ಲಿ ಮೇಯುವ ಕುರಿ, ಇವೆರಡೇ ಅಸಂಖ್ಯ ಮನೆಗಳಿಗೆ ಆಧಾರವೆಂಬುದು ಕಾಣುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಹೆಸರು ತಂದುದು ಶೇಂಗಾ. ಅಲ್ಲಿಯ ಕಂಬಳಿಗೆ ಹೆಸರು ತಂದುದು ಕುರಿ.

ಇಂಥ ನಾಡಿನಲ್ಲಿ ಮಳೆ ಕೈಕೊಟ್ಟ ವರ್ಷಗಳು ಅಪರೂಪವಲ್ಲ. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಸರ್ಕಾರವು ಬರಪೀಡಿತವೆಂದು ಘೋಷಿಸಿದಾಗ ಈ ಎರಡೂ ಅವುಗಳಲ್ಲಿ ಸೇರಿದ್ದುವು. ಬರ ಬಂದಾಗ ಬೆಳೆ ಕಳೆದುಕೊಂಡವರಿಗೆ ಒಂದು ಬಗೆಯ ನೆರವು ಬೇಕು, ಮೇವಿಲ್ಲದ ಕುರಿಗಳನ್ನು ಕಟ್ಟಿಕೊಂಡು ಕುಳಿತವರಿಗೆ ಇನ್ನೊಂದು ಬಗೆಯದು ಬೇಕು. ಆಗ ಪಟ್ಟಿಗಳು ಹುಟ್ಟುತ್ತವೆ. ಪಟ್ಟಿಗಳು ಹುಟ್ಟಿದೊಡನೆ ಒಂದು ಪ್ರಶ್ನೆಯೂ ಹುಟ್ಟುತ್ತದೆ: ಎರಡು ಪಟ್ಟಿಗಳಲ್ಲಿಯೂ ಇರುವವರೆಷ್ಟು? ಎರಡರಲ್ಲಿಯೂ ಇಲ್ಲದವರೆಷ್ಟು? ನೋಡುವುದಕ್ಕೆ ಇದು ಗುಮಾಸ್ತರ ಲೆಕ್ಕದಂತೆ ತೋರುತ್ತದೆ. ಆದರೆ ಇದರ ಉತ್ತರವು ಸಂಭವನೀಯತೆಯ ಗಣಿತದ ಒಂದು ಮುಖ್ಯ ತತ್ತ್ವವನ್ನು ಅವಲಂಬಿಸಿದೆ. ಆ ತತ್ತ್ವವನ್ನು ಇಲ್ಲಿ ವಿವರಿಸುತ್ತೇವೆ.

ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ಲೆಕ್ಕದ ಸೌಕರ್ಯಕ್ಕಾಗಿ ನಾವು ಆರಿಸಿಕೊಂಡವು. ಯಾವ ನಿಜವಾದ ಊರಿನವೂ ಅಲ್ಲ. ಅಲ್ಲಿ ೪೦೦ ಮನೆಗಳಿವೆ. ಶೇಂಗಾ ಬಿತ್ತಿದ ಮನೆಗಳು ೨೮೦. ಕುರಿ ಸಾಕುವ ಮನೆಗಳು ೧೬೦. ಎರಡನ್ನೂ ಮಾಡುವ ಮನೆಗಳೆಷ್ಟು?

ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ಎರಡು ಅಂಕಿಗಳನ್ನು ಕೂಡಿಸಿದರೆ ೪೪೦ ಆಗುತ್ತದೆ. ಊರಿನಲ್ಲಿರುವುದೋ ೪೦೦ ಮನೆ. ಹೆಚ್ಚಾಗಿ ಬಂದ ೪೦ ಎಲ್ಲಿಂದ ಬಂದುವು? ಎರಡು ಪಟ್ಟಿಗಳಲ್ಲಿಯೂ ಇದ್ದು, ಎರಡು ಸಲ ಎಣಿಕೆಯಾದ ಮನೆಗಳಿಂದ. ಆದುದರಿಂದ ಎರಡನ್ನೂ ಮಾಡುವ ಮನೆಗಳು ೪೦ಕ್ಕಿಂತ ಕಡಿಮೆಯಿರಲಾರವು. ಹಾಗೆಯೇ, ಕುರಿ ಸಾಕುವವರೆಲ್ಲರೂ ಶೇಂಗಾ ಬಿತ್ತಿದ್ದಾರೆಂದರೂ ಆ ಸಂಖ್ಯೆ ೧೬೦ನ್ನು ಮೀರಲಾರದು. ಕೈಯಲ್ಲಿರುವ ಎರಡು ಅಂಕಿಗಳು ಹೇಳಬಲ್ಲುದು ಇಷ್ಟೇ: ಉತ್ತರವು ೪೦ ಮತ್ತು ೧೬೦ರ ನಡುವೆ ಎಲ್ಲಿಯೋ ಇದೆ. ಯಾವ ಪಟ್ಟಿಯಲ್ಲಿಯೂ ಸೇರದ ಮನೆಗಳ ಸಂಖ್ಯೆಯೂ ಅದಕ್ಕೆ ತಕ್ಕಂತೆ ಸೊನ್ನೆಯಿಂದ ೧೨೦ರವರೆಗೆ ಏನು ಬೇಕಾದರೂ ಆಗಿರಬಹುದು. ಇಷ್ಟು ಸಡಿಲವಾದ ಉತ್ತರವನ್ನು ಹಿಡಿದು ಕಾಳನ್ನಾಗಲಿ ಮೇವನ್ನಾಗಲಿ ಹಂಚಲು ಸಾಧ್ಯವಿಲ್ಲ.

ಇಲ್ಲಿ ಬಹುಮಂದಿ ಮಾಡುವ ಒಂದು ತಪ್ಪಿದೆ. ಮನೆಗಳಲ್ಲಿ ಹತ್ತಕ್ಕೆ ಏಳು ಪಾಲು ಶೇಂಗಾದವು, ಹತ್ತಕ್ಕೆ ನಾಲ್ಕು ಪಾಲು ಕುರಿಯವು. ಇವೆರಡನ್ನೂ ಗುಣಿಸಿದರೆ ನೂರಕ್ಕೆ ೨೮. ಅಂದರೆ ೪೦೦ರಲ್ಲಿ ೧೧೨ ಮನೆಗಳು ಎರಡನ್ನೂ ಮಾಡುತ್ತವೆ ಎಂದು ಅವರು ಬರೆದುಬಿಡುತ್ತಾರೆ. ಗುಣಾಕಾರವೇನೋ ಸರಿಯಾಗಿಯೇ ಇದೆ. ಆದರೆ ಆ ಗುಣಾಕಾರದ ಹಿಂದೆ ಒಂದು ಮಾತು ಅಡಗಿದೆ: ಒಂದು ಮನೆಯಲ್ಲಿ ಕುರಿ ಇರುವುದಕ್ಕೂ ಆ ಮನೆಯವರು ಶೇಂಗಾ ಬಿತ್ತುವುದಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದೇ ಆ ಮಾತು. ನಾಣ್ಯವನ್ನು ಎರಡು ಬಾರಿ ಚಿಮ್ಮುವಾಗ ಇದು ನಿಜ. ಮೊದಲ ಬಾರಿ ಬಿದ್ದ ಮುಖವನ್ನು ಎರಡನೆಯ ಬಾರಿಯ ನಾಣ್ಯವು ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಆದರೆ ಮನುಷ್ಯರ ಬದುಕು ನಾಣ್ಯದಂತಲ್ಲ. ಹೊಲ ಕಡಿಮೆ ಇದ್ದವನು ಕುರಿಯನ್ನು ನಂಬುತ್ತಾನೆ. ಮಂದೆಯನ್ನು ಹೊಡೆದುಕೊಂಡು ಊರೂರು ಅಲೆಯುವವನಿಗೆ ಬಿತ್ತನೆಯ ಕಾಲಕ್ಕೆ ಊರಿನಲ್ಲಿರುವುದು ಕಷ್ಟ. ಇನ್ನೊಂದೆಡೆ, ಹೊಲದಲ್ಲಿ ಮಂದೆ ನಿಲ್ಲಿಸಿ ಗೊಬ್ಬರ ಪಡೆಯುವ ರೈತನಿಗೆ ಎರಡೂ ಕೂಡಿಬರುತ್ತವೆ. ಯಾವುದು ಎಷ್ಟೆಂಬುದನ್ನು ಗುಣಾಕಾರದಿಂದ ತಿಳಿಯಲಾಗದು, ಕೇಳಿಯೇ ತಿಳಿಯಬೇಕು.

ಏನನ್ನು ಕೇಳಬೇಕು, ಯಾರನ್ನು ಕೇಳಬೇಕು ಎಂಬುದನ್ನು ಗಣಿತವು ಹೇಳಿಕೊಡುತ್ತದೆ. ಒಂದು ಮಡಕೆಯಲ್ಲಿ ಊರಿನ ೪೦೦ ಮನೆಗಳಿಗೂ ಒಂದೊಂದರಂತೆ ಚೀಟಿಗಳನ್ನು ಹಾಕಿದ್ದೇವೆನ್ನಿ. ಕಣ್ಣು ಮುಚ್ಚಿ ಒಂದನ್ನು ತೆಗೆದರೆ ಅದು ಶೇಂಗಾ ಬಿತ್ತಿದ ಮನೆಯದಾಗುವ ಸಂಭವ ೪೦೦ರಲ್ಲಿ ೨೮೦, ಅಂದರೆ ೭/೧೦. ಈಗ ಯಾರೋ ಒಬ್ಬರು, "ನೀವು ತೆಗೆದ ಚೀಟಿ ಕುರಿ ಸಾಕುವ ಮನೆಯದು" ಎಂದು ಹೇಳಿದರೆಂದು ಭಾವಿಸೋಣ. ಆ ಮಾತು ಕಿವಿಗೆ ಬಿದ್ದೊಡನೆ ಮಡಕೆಯೇ ಬದಲಾಗುತ್ತದೆ. ಕುರಿ ಇಲ್ಲದ ೨೪೦ ಮನೆಗಳ ಚೀಟಿಗಳನ್ನು ಹೊರಗೆ ಚೆಲ್ಲಿದಂತಾಯಿತು, ಉಳಿದವು ೧೬೦. ಆ ೧೬೦ರಲ್ಲಿ ಶೇಂಗಾದವು ಎಷ್ಟು ಪಾಲು ಎಂಬುದೇ ಈಗಿನ ಸಂಭವ. ಒಂದು ಸಂಗತಿ ನಿಜವೆಂದು ಗೊತ್ತಾದ ಮೇಲೆ ಇನ್ನೊಂದು ಸಂಗತಿಯು ನಿಜವಾಗಿರುವ ಈ ಸಂಭವಕ್ಕೆ 'ಷರತ್ತುಬದ್ಧ ಸಂಭವನೀಯತೆ' ಎಂದು ಹೆಸರು. ಹೆಸರು ಭಾರವಾದರೂ ಅರ್ಥ ಸರಳ: ಸಣ್ಣ ಮಡಕೆಯೊಳಗಿನ ಪಾಲು, ಅಷ್ಟೇ.

ಆದುದರಿಂದ ೪೦೦ ಮನೆಗಳನ್ನೂ ಸುತ್ತಬೇಕಾಗಿಲ್ಲ. ಕುರಿ ಸಾಕುವ ೧೬೦ ಮನೆಗಳ ಪಟ್ಟಿಯಿಂದ ಚೀಟಿ ಎತ್ತಿ ೪೦ ಮನೆಗಳನ್ನು ಆರಿಸಿ, "ಈ ವರ್ಷ ಶೇಂಗಾ ಬಿತ್ತಿದ್ದಿರಾ?" ಎಂದು ಕೇಳಿದರಾಯಿತು. ೧೫ ಮನೆಯವರು ಹೌದೆಂದರು ಎಂದಿಟ್ಟುಕೊಳ್ಳೋಣ. ಪಾಲು ೧೫/೪೦, ಅಂದರೆ ೩/೮. ಇದನ್ನು ೧೬೦ರಿಂದ ಗುಣಿಸಿದರೆ ೬೦. ಎರಡನ್ನೂ ಮಾಡುವ ಮನೆಗಳು ಸುಮಾರು ೬೦. ಸೂತ್ರರೂಪದಲ್ಲಿ ಹೇಳುವುದಾದರೆ, ಎರಡೂ ಕೂಡಿರುವ ಸಂಭವವು ಒಂದರ ಸಂಭವವನ್ನು, ಅದು ಇದೆಯೆಂದಾಗ ಇನ್ನೊಂದು ಇರುವ ಸಂಭವದಿಂದ ಗುಣಿಸಿದ್ದಕ್ಕೆ ಸಮ: ೪/೧೦ × ೩/೮ = ೩/೨೦. ೪೦೦ರಲ್ಲಿ ೩/೨೦ ಎಂದರೆ ಅದೇ ೬೦.

ಈ ನಿಯಮವು ಹೊಸದೇನೂ ಅಲ್ಲ. ಫ್ರಾನ್ಸಿನಿಂದ ಹೋಗಿ ಲಂಡನ್ನಿನಲ್ಲಿ ನೆಲೆಸಿದ ಅಬ್ರಹಾಂ ದ ಮ್ವಾವ್ರ ಎಂಬ ಗಣಿತಜ್ಞನು ೧೭೧೮ರಲ್ಲಿ ಜೂಜಿನ ಲೆಕ್ಕಗಳ ಬಗೆಗೆ ಒಂದು ಗ್ರಂಥ ಬರೆದನು; ೧೭೩೮ರಲ್ಲಿ ಬಂದ ಅದರ ಎರಡನೆಯ ಆವೃತ್ತಿಯಲ್ಲಿ ಪರಸ್ಪರ ಸಂಬಂಧವುಳ್ಳ ಘಟನೆಗಳಿಗೆ ಅನ್ವಯಿಸುವ ಈ ಗುಣಾಕಾರವನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಥಾಮಸ್ ಬೇಯ್ಸ್ ಎಂಬ ಪಾದ್ರಿಯು ತೀರಿಕೊಂಡ ಎರಡು ವರ್ಷಗಳ ಮೇಲೆ, ೧೭೬೩ರಲ್ಲಿ ಪ್ರಕಟವಾದ ಆತನ ಪ್ರಬಂಧಕ್ಕೂ ಇದೇ ತಳಹದಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕುರಿ ಸಾಕುವವರಲ್ಲಿ ಶೇಂಗಾ ಬಿತ್ತಿದವರು ಎಂಟಕ್ಕೆ ಮೂರು ಪಾಲು. ಹಾಗಾದರೆ ಶೇಂಗಾ ಬಿತ್ತಿದವರಲ್ಲಿ ಕುರಿ ಸಾಕುವವರೂ ಎಂಟಕ್ಕೆ ಮೂರು ಪಾಲೇ? ಅಲ್ಲ. ಆ ಮಡಕೆಯಲ್ಲಿರುವುದು ೨೮೦ ಚೀಟಿ. ಅದರಲ್ಲಿ ೬೦ ಎಂದರೆ ೩/೧೪. ಎರಡೂ ಪಾಲುಗಳು ಬೇರೆಬೇರೆ. ಎರಡೂ ತಲಪಿಸುವ ಸಂಖ್ಯೆ ಮಾತ್ರ ಒಂದೇ. ವಿದ್ಯಾವಂತರೂ ಈ ಎರಡನ್ನು ಅದಲುಬದಲು ಮಾಡಿ ಎಡವುವುದುಂಟು. ಯಾವ ಮಡಕೆಯೊಳಗಿನ ಪಾಲು ಎಂಬುದನ್ನು ಹೇಳದೆ ಪಾಲನ್ನು ಮಾತ್ರ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಎರಡು ಮಡಕೆಗಳಲ್ಲಿ ಯಾವುದನ್ನು ಆರಿಸಬೇಕು? ನಮ್ಮ ಊರಿನ ಮಟ್ಟಿಗೆ ಚಿಕ್ಕದನ್ನು ಆರಿಸುವುದು ಲೇಸು. ೪೦ ಮನೆಗಳನ್ನು ಮಾತ್ರ ಕೇಳಿದ್ದರಿಂದ ಉತ್ತರದಲ್ಲಿ ಸ್ವಲ್ಪ ಅನಿಶ್ಚಯ ಉಳಿಯುತ್ತದೆ. ಸಂಖ್ಯಾಶಾಸ್ತ್ರದ ರೂಢಿಯಂತೆ ನೂರಕ್ಕೆ ತೊಂಬತ್ತೈದು ಬಾರಿ ಸರಿಯಾಗುವ ಅಂತರವನ್ನು ಲೆಕ್ಕ ಹಾಕಿದರೆ, ಕುರಿಯ ಪಟ್ಟಿಯಿಂದ ಕೇಳಿದಾಗ ಅದು ಎರಡೂ ಕಡೆಗೆ ಸುಮಾರು ೨೧ ಮನೆ. ಶೇಂಗಾದ ಪಟ್ಟಿಯಿಂದ ಅಷ್ಟೇ ೪೦ ಮನೆಗಳನ್ನು ಕೇಳಿದ್ದರೆ ಸುಮಾರು ೩೩ ಮನೆ. ಒಟ್ಟಿನಲ್ಲಿ ೪೦ರಿಂದ ೧೬೦ರವರೆಗೆ ಹರಡಿಕೊಂಡಿದ್ದ ಸಂಶಯವು, ೪೦ ಬಾಗಿಲುಗಳನ್ನು ತಟ್ಟಿದ್ದರಿಂದ, ಸುಮಾರು ೪೦ರಿಂದ ೮೦ರ ಒಳಗೆ ಬಂದು ನಿಂತಿತು. ಚೀಟಿ ಎತ್ತದೆ, ಬಸ್ಸು ನಿಲ್ಲುವೆಡೆಯ ಸುತ್ತಲಿನ ಮನೆಗಳನ್ನು ಮಾತ್ರ ಕೇಳಿ ಬಂದಿದ್ದರೆ ಈ ಭರವಸೆಯೂ ಇರುತ್ತಿರಲಿಲ್ಲ.

ಫಲವನ್ನು ನೋಡಿ. ಎರಡೂ ಮಾಡುವವರು ೬೦ ಎಂದಾದರೆ, ಕನಿಷ್ಠ ಒಂದು ಪಟ್ಟಿಯಲ್ಲಾದರೂ ಇರುವ ಮನೆಗಳು ೨೮೦ ಮತ್ತು ೧೬೦ನ್ನು ಕೂಡಿಸಿ ೬೦ನ್ನು ಕಳೆದರೆ ಬರುವ ೩೮೦. ಕುರುಡಾಗಿ ಗುಣಿಸಿ ೧೧೨ ಎಂದು ಬರೆದವರ ಲೆಕ್ಕದಲ್ಲಿ ಅವು ೩೨೮ ಮಾತ್ರ. ವ್ಯತ್ಯಾಸ ೫೨ ಮನೆ. ೩೨೮ ಮನೆಗಳಿಗೆಂದು ತಂದ ಕಾಳು ಮುಗಿದಾಗ ಸಾಲಿನಲ್ಲಿ ಇನ್ನೂ ೫೨ ಮನೆಯವರು ನಿಂತಿರುತ್ತಾರೆ. ಗಣಿತದ ಒಂದು ಅಡಗಿದ ಮಾತನ್ನು ಪರೀಕ್ಷಿಸದೆ ಒಪ್ಪಿದುದರ ಬೆಲೆ ಅದು.

ಇಷ್ಟರವರೆಗೆ ಊರಿನ ಮನೆಗಳೆಷ್ಟೆಂಬುದು ನಮಗೆ ಗೊತ್ತಿತ್ತು. ಗೊತ್ತಿಲ್ಲದುದು ಎರಡು ಗುಂಪುಗಳ ಸಾಮಾನ್ಯ ಭಾಗ. ಈಗ ಪ್ರಶ್ನೆಯನ್ನು ತಿರುಗಿಸಿ ನೋಡೋಣ. ಸಾಮಾನ್ಯ ಭಾಗವು ಗೊತ್ತಿದ್ದು ಒಟ್ಟು ಸಂಖ್ಯೆಯೇ ಗೊತ್ತಿಲ್ಲದಿದ್ದರೆ? ಕೆರೆಯ ಮೀನುಗಳನ್ನು ಎಣಿಸುವವರು ಮಾಡುವುದು ಇದನ್ನೇ. ಕೆಲವನ್ನು ಹಿಡಿದು ಗುರುತು ಮಾಡಿ ಬಿಡುತ್ತಾರೆ. ಮತ್ತೆ ಬಲೆ ಬೀಸಿದಾಗ ಸಿಕ್ಕವುಗಳಲ್ಲಿ ಗುರುತಿನವು ಎಷ್ಟು ಪಾಲು ಎಂದು ನೋಡಿ ಕೆರೆಯ ಒಟ್ಟು ಮೀನನ್ನು ಅಂದಾಜು ಮಾಡುತ್ತಾರೆ. ಈ ಉಪಾಯವನ್ನು ಮನುಷ್ಯರ ಜನನ ಮರಣಗಳಿಗೆ ಅಳವಡಿಸಿದ ಕೀರ್ತಿ ನಮ್ಮ ದೇಶದ ಸಿ. ಚಂದ್ರಶೇಖರನ್ ಅವರಿಗೂ ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ ಅವರಿಗೂ ಸಲ್ಲಬೇಕು. ಕಲ್ಕತ್ತೆಗೆ ಸಮೀಪದ ಸಿಂಗೂರು ಆರೋಗ್ಯ ಕೇಂದ್ರದ ಹಳ್ಳಿಗಳಲ್ಲಿ ನಡೆದ ಎಣಿಕೆಯನ್ನು ಆಧಾರವಾಗಿಟ್ಟುಕೊಂಡು ಅವರು ೧೯೪೯ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಇದೇ ಚಂದ್ರಶೇಖರನ್ ಅವರು ಮುಂದೆ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರಗಳು ಕೂಡಿ ನಡೆಸಿದ 'ಮೈಸೂರು ಜನಸಂಖ್ಯಾ ಅಧ್ಯಯನ'ದ ಹೊಣೆ ಹೊತ್ತವರಲ್ಲಿ ಒಬ್ಬರಾಗಿದ್ದರು. ಅದರ ವರದಿ ೧೯೬೧ರಲ್ಲಿ ಹೊರಬಂದಿತು.

ಅವರ ಉಪಾಯವನ್ನು ನಮ್ಮ ಎರಡು ತಾಲ್ಲೂಕುಗಳ ಹಳ್ಳಿಗಳಂಥ ಒಂದು ಕಲ್ಪಿತ ಹೋಬಳಿಗೆ ಅನ್ವಯಿಸೋಣ. ಒಂದು ವರ್ಷದಲ್ಲಿ ನೋಂದಣಿಯ ಪುಸ್ತಕದಲ್ಲಿ ೯೦ ಜನನಗಳು ದಾಖಲಾಗಿವೆ. ಆ ಪುಸ್ತಕವನ್ನು ನೋಡದೆ, ಮನೆಮನೆಗೆ ಹೋಗಿ ವಿಚಾರಿಸಿದ ಒಬ್ಬ ಎಣಿಕೆದಾರನ ಪಟ್ಟಿಯಲ್ಲಿ ೧೨೦ ಇವೆ. ಎರಡನ್ನೂ ಹೋಲಿಸಿದಾಗ ೭೮ ಮಕ್ಕಳು ಎರಡರಲ್ಲಿಯೂ ಕಂಡುಬಂದರು. ಎಣಿಕೆದಾರನು ಕಂಡ ೧೨೦ರಲ್ಲಿ ೭೮, ಅಂದರೆ ನೂರಕ್ಕೆ ೬೫ ಪಾಲು, ಪುಸ್ತಕದಲ್ಲಿದ್ದುವು. ಪುಸ್ತಕವು ಎಲ್ಲ ಜನನಗಳನ್ನೂ ಇದೇ ಪ್ರಮಾಣದಲ್ಲಿ ಹಿಡಿದಿದೆಯೆಂದು ಒಪ್ಪಿದರೆ, ೯೦ ಎಂಬುದು ಒಟ್ಟಿನ ನೂರಕ್ಕೆ ೬೫ ಪಾಲು. ಒಟ್ಟು ಸುಮಾರು ೧೩೮. ಇಬ್ಬರೂ ಸೇರಿ ಕಂಡವು ೯೦, ೧೨೦ರ ಮೊತ್ತದಿಂದ ೭೮ನ್ನು ಕಳೆದು ೧೩೨. ಆದುದರಿಂದ ಇಬ್ಬರ ಕಣ್ಣಿಗೂ ಬೀಳದವು ಸುಮಾರು ಆರು. ಯಾರೂ ನೋಡದ ಮಕ್ಕಳನ್ನು ಹೀಗೆ ಎಣಿಸಬಹುದೆಂಬುದು ಸೋಜಿಗವಲ್ಲವೆ?

ಆದರೆ ಸೂಕ್ಷ್ಮವಾಗಿ ನೋಡುವ ವಾಚಕರು ಇಲ್ಲಿ ನಮ್ಮನ್ನು ತಡೆದು ನಿಲ್ಲಿಸುವರು. ಮೊದಲ ಲೆಕ್ಕದಲ್ಲಿ ಯಾವ ಮಾತನ್ನು ಪರೀಕ್ಷಿಸದೆ ಒಪ್ಪಬಾರದೆಂದು ಹೇಳಿದೆವೋ, ಅದನ್ನೇ ಎರಡನೆಯದರಲ್ಲಿ ಸದ್ದಿಲ್ಲದೆ ಒಪ್ಪಿಕೊಂಡೆವು. ಪುಸ್ತಕಕ್ಕೆ ಸೇರುವುದಕ್ಕೂ ಎಣಿಕೆದಾರನಿಗೆ ಸಿಕ್ಕುವುದಕ್ಕೂ ಸಂಬಂಧವಿಲ್ಲವೆಂದು ಭಾವಿಸಿದೆವು. ಇದು ನಿಜವೆ? ರಸ್ತೆಯಿಂದ ದೂರದಲ್ಲಿರುವ ಹಟ್ಟಿಯೊಂದರಲ್ಲಿ ಹುಟ್ಟಿದ ಮಗು ಪುಸ್ತಕಕ್ಕೆ ಸೇರುವುದೂ ಕಷ್ಟ, ಎಣಿಕೆದಾರನಿಗೆ ಸಿಕ್ಕುವುದೂ ಕಷ್ಟ. ಚೊಚ್ಚಲ ಹೆರಿಗೆಗೆ ತವರಿಗೆ ಹೋದ ಹೆಣ್ಣಿನ ಮಗುವನ್ನು ಗಂಡನ ಊರಿನವರು ತವರಿನ ಲೆಕ್ಕವೆಂದೂ, ತವರಿನವರು ಗಂಡನ ಊರಿನ ಲೆಕ್ಕವೆಂದೂ ಬಿಟ್ಟುಬಿಡುವುದುಂಟು. ಮಂದೆಯೊಡನೆ ಹೊರಟುಹೋದ ಕುಟುಂಬದ ಬಾಗಿಲಿಗೆ ಬೀಗ. ಒಬ್ಬನಿಗೆ ತಪ್ಪಿದವರು ಇನ್ನೊಬ್ಬನಿಗೂ ತಪ್ಪುತ್ತಾರೆ.

ಇದಕ್ಕೆ ಆ ಇಬ್ಬರು ಸೂಚಿಸಿದ ಪರಿಹಾರವು ಬಹು ಸರಳ. ಒಂದೇ ಬಗೆಯ ಜನರನ್ನು ಒಂದೊಂದು ಗುಂಪು ಮಾಡಿ, ಗುಂಪುಗುಂಪಿಗೂ ಪ್ರತ್ಯೇಕವಾಗಿ ಲೆಕ್ಕ ಹಾಕಿ, ಆಮೇಲೆ ಕೂಡಿಸಬೇಕು. ನಮ್ಮ ಹೋಬಳಿಯನ್ನೇ ರಸ್ತೆಯ ಮೇಲಿನ ಊರುಗಳು ಮತ್ತು ದೂರದ ಹಟ್ಟಿಗಳು ಎಂದು ಎರಡು ಮಾಡೋಣ. ಊರುಗಳಲ್ಲಿ ಪುಸ್ತಕದಲ್ಲಿರುವವು ೮೦, ಎಣಿಕೆದಾರನಲ್ಲಿರುವವು ೯೦, ಎರಡರಲ್ಲಿಯೂ ಇರುವವು ೭೨. ಹಟ್ಟಿಗಳಲ್ಲಿ ಕ್ರಮವಾಗಿ ೧೦, ೩೦ ಮತ್ತು ೬. ಕೂಡಿಸಿದರೆ ಹಿಂದಿನ ೯೦, ೧೨೦, ೭೮ ಎಂಬ ಅಂಕಿಗಳೇ ಬರುತ್ತವೆ. ಈಗ ಊರುಗಳ ಲೆಕ್ಕ: ೯೦ರಲ್ಲಿ ೭೨ ಎಂದರೆ ಐದಕ್ಕೆ ನಾಲ್ಕು ಪಾಲು; ೮೦ ಎಂಬುದು ಐದಕ್ಕೆ ನಾಲ್ಕು ಪಾಲಾದರೆ ಒಟ್ಟು ೧೦೦. ಹಟ್ಟಿಗಳ ಲೆಕ್ಕ: ೩೦ರಲ್ಲಿ ೬ ಎಂದರೆ ಐದಕ್ಕೆ ಒಂದು ಪಾಲು, ೧೦ ಎಂಬುದು ಐದಕ್ಕೆ ಒಂದು ಪಾಲಾದರೆ ಒಟ್ಟು ೫೦. ಎರಡೂ ಸೇರಿ ೧೫೦. ಮೊದಲು ಬಂದ ೧೩೮ ಕಡಿಮೆಯ ಅಂದಾಜಾಗಿತ್ತು.

ಕಾಣದೆ ಉಳಿದ ಮಕ್ಕಳು ಆರಲ್ಲ, ೧೮. ಅವರು ಎಲ್ಲಿಯವರು ಎಂಬುದನ್ನೂ ಲೆಕ್ಕವು ತೋರಿಸುತ್ತದೆ. ಊರುಗಳಲ್ಲಿ ೧೦೦ರಲ್ಲಿ ೯೮ ಮಕ್ಕಳು ಯಾರದಾದರೂ ಕಣ್ಣಿಗೆ ಬಿದ್ದಿದ್ದಾರೆ, ತಪ್ಪಿದವರು ಇಬ್ಬರೇ. ಹಟ್ಟಿಗಳಲ್ಲಿ ೫೦ರಲ್ಲಿ ೩೪ ಮಾತ್ರ ಕಂಡಿದ್ದಾರೆ, ತಪ್ಪಿದವರು ೧೬. ಎಲ್ಲರನ್ನೂ ಒಂದೇ ರಾಶಿ ಮಾಡಿದ ಲೆಕ್ಕವು ಯಾರನ್ನು ಮರೆಸಿತ್ತೋ ಅವರೇ, ಲಸಿಕೆಯೂ ಶಾಲೆಯೂ ಮೊದಲು ತಲಪಬೇಕಾದ ಮಕ್ಕಳು.

ಇನ್ನೊಂದು ತೊಡಕಿದೆ, ಅದು ಗಣಿತದ್ದಲ್ಲ, ಹೆಸರಿನದು. ಈ ಸೀಮೆಯಲ್ಲಿ ದೇವರ ಹೆಸರನ್ನೂ ಹಿರಿಯರ ಹೆಸರನ್ನೂ ಇಡುವ ವಾಡಿಕೆಯಿಂದ ಒಂದೇ ಊರಿನಲ್ಲಿ ಹಲವರು ತಿಪ್ಪೇಸ್ವಾಮಿಗಳು, ಹಲವರು ಪಾಲಯ್ಯಗಳು, ಹಲವರು ಓಬಯ್ಯಗಳು ಇರುತ್ತಾರೆ. ಒಂದು ಪಟ್ಟಿಯ ತಿಪ್ಪೇಸ್ವಾಮಿಯ ಮಗಳು ಇನ್ನೊಂದು ಪಟ್ಟಿಯ ತಿಪ್ಪೇಸ್ವಾಮಿಯ ಮಗಳೇ ಹೌದೋ ಅಲ್ಲವೋ ಎಂಬುದನ್ನು ನಿರ್ಧರಿಸುವವರು ಯಾರು? ಹಟ್ಟಿಗಳ ಆರು ಹೊಂದಿಕೆಗಳಲ್ಲಿ ಒಂದನ್ನು ಗುಮಾಸ್ತನು ಗುರುತಿಸದೆ ಐದೆಂದು ಬರೆದನೆನ್ನಿ. ಆಗ ೩೦ರಲ್ಲಿ ೫, ಅಂದರೆ ಆರಕ್ಕೆ ಒಂದು ಪಾಲು, ಒಟ್ಟು ೬೦. ಒಂದು ಹೆಸರು ತಪ್ಪಿದ್ದರಿಂದ ಇಲ್ಲದ ಹತ್ತು ಮಕ್ಕಳು ಲೆಕ್ಕದಲ್ಲಿ ಹುಟ್ಟಿಬಿಟ್ಟರು! ಆದುದರಿಂದ ಹೆಸರಿನೊಡನೆ ತಾಯಿಯ ಹೆಸರು, ಮನೆಯ ಗುರುತು, ಹುಟ್ಟಿದ ತಿಂಗಳು ಇವುಗಳನ್ನೆಲ್ಲ ಹೋಲಿಸಿ ನೋಡಬೇಕಾಗುತ್ತದೆ. ಸಂಶಯ ಉಳಿದರೆ ಮತ್ತೆ ಆ ಮನೆಗೇ ಹೋಗಬೇಕಾಗುತ್ತದೆ.

ಹೀಗೆ ಮತ್ತೆ ಹೋಗುವ ಪದ್ಧತಿಯನ್ನೇ ನಮ್ಮ ದೇಶವು ಅಂಗೀಕರಿಸಿತು. ೧೯೬೪-೬೫ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ ೧೯೬೯-೭೦ರ ವೇಳೆಗೆ ಪೂರ್ಣಪ್ರಮಾಣದಲ್ಲಿ ನೆಲೆಗೊಂಡ ಮಾದರಿ ನೋಂದಣಿ ವ್ಯವಸ್ಥೆಯಲ್ಲಿ, ಆರಿಸಿದ ಹಳ್ಳಿಗಳ ಜನನ ಮರಣಗಳನ್ನು ಒಬ್ಬನು ವರ್ಷವಿಡೀ ಬರೆದಿಡುವುದು, ಇನ್ನೊಬ್ಬನು ಆರು ತಿಂಗಳಿಗೊಮ್ಮೆ ಸ್ವತಂತ್ರವಾಗಿ ಸಮೀಕ್ಷೆ ಮಾಡುವುದು, ಎರಡನ್ನೂ ಹೋಲಿಸಿ, ಹೊಂದದವನ್ನು ಸ್ಥಳದಲ್ಲಿಯೇ ಮರುಪರಿಶೀಲಿಸುವುದು ಎಂಬ ಕ್ರಮವನ್ನು ಗೊತ್ತುಮಾಡಲಾಯಿತು. ಜನನ ಮರಣಗಳ ನೋಂದಣಿ ಕಾಯಿದೆಯೂ ೧೯೬೯ರದೇ. ಇಂದು ಹೆರಿಗೆಗಳಲ್ಲಿ ಬಹುಪಾಲು ಆಸ್ಪತ್ರೆಗಳಲ್ಲಿಯೇ ಆಗುವುದರಿಂದ ಪುಸ್ತಕಕ್ಕೆ ಸೇರದ ಮಕ್ಕಳು ಹಿಂದಿಗಿಂತ ಬಹಳ ಕಡಿಮೆ. ಆದರೂ ಪಟ್ಟಿಗಳ ಸಂಖ್ಯೆ ಮಾತ್ರ ಹೆಚ್ಚುತ್ತಲೇ ಇದೆ: ಪಡಿತರದ ಪಟ್ಟಿ, ಬೆಳೆವಿಮೆಯ ಪಟ್ಟಿ, ಮತದಾರರ ಪಟ್ಟಿ, ಲಸಿಕೆಯ ಪಟ್ಟಿ. ಯಂತ್ರಗಳು ಅವನ್ನು ಕ್ಷಣಮಾತ್ರದಲ್ಲಿ ಕೂಡಿಸುತ್ತವೆ. ಆದರೆ ಎರಡು ಪಟ್ಟಿಗಳಿಗೆ ಸಂಬಂಧವಿದೆಯೇ ಎಂಬುದನ್ನು ಯಂತ್ರವು ತಾನಾಗಿಯೇ ಹಳ್ಳಿಗೆ ಹೋಗಿ ವಿಚಾರಿಸದು.

ಮುಂದೆ ಯಾವಾಗಲಾದರೂ ಎರಡು ಗುಂಪುಗಳ ಅಂಕಿಗಳು ವಾಚಕರ ಕಣ್ಣಿಗೆ ಬಿದ್ದರೆ, ಅವನ್ನು ಕೂಡಿಸುವುದಕ್ಕಾಗಲಿ ಗುಣಿಸುವುದಕ್ಕಾಗಲಿ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಾವು ಬಿನ್ನವಿಸುತ್ತೇವೆ. ಒಂದರಲ್ಲಿರುವವರ ಪೈಕಿ ಇನ್ನೊಂದರಲ್ಲಿರುವವರು ಎಷ್ಟು ಪಾಲು? ಆ ಪಾಲು ಎಲ್ಲ ಬಗೆಯ ಜನರಲ್ಲಿಯೂ ಒಂದೇ ಆಗಿದೆಯೇ? ಎರಡರಲ್ಲಿಯೂ ಇಲ್ಲದವರು ಯಾರು? ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಲೆಕ್ಕ ಸರಿಹೋಗುತ್ತದೆ. ಎರಡನೆಯದಕ್ಕೆ ಸಿಕ್ಕಿದರೆ ಅದು ನಂಬಿಕೆಗೆ ಅರ್ಹವಾಗುತ್ತದೆ. ಮೂರನೆಯದಕ್ಕೆ ಉತ್ತರ ಸಿಕ್ಕಬೇಕಾದರೆ ಕಾಗದವನ್ನು ಮಡಿಸಿಟ್ಟು, ರಸ್ತೆ ಮುಗಿದ ಮೇಲೂ ಒಂದಿಷ್ಟು ದೂರ ನಡೆದು, ಆ ಹಟ್ಟಿಯ ಬಾಗಿಲನ್ನು ತಟ್ಟಬೇಕು.